ಕಾಣದ ಗಾಯ

ತುಮಕೂರಿನಿಂದ ಹೊನ್ನಾವರದತ್ತ ಸಾಗುವ ಹೆದ್ದಾರಿಯಲ್ಲಿ ಸುಮಾರು 20 ಕಿಲೋಮೀಟರು ದೂರ ಕ್ರಮಿಸಿದರೆ ಗುಬ್ಬಿ ಪಟ್ಟಣ ಸಿಗುತ್ತದೆ. 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಿಂದಲೂ, ಅದನ್ನು ಬೆಳಗಿಸಿದ ಗುಬ್ಬಿ ವೀರಣ್ಣನವರಿಂದಲೂ ಈ ಊರಿನ ಹೆಸರು ನಾಡಿನಲ್ಲೆಲ್ಲ ಪರಿಚಿತವಾಗಿದೆ. ಊರಿನ ಸುತ್ತ ತೆಂಗು ಮತ್ತು ಅಡಿಕೆಯ ತೋಟಗಳಿವೆ. ಹೆದ್ದಾರಿಯಲ್ಲಿ ಹಗಲಿರುಳೂ ವಾಹನಗಳ ಸಂಚಾರವಿದೆ. ಶಾಲೆಗಳ ಬಯಲಿನಲ್ಲಿ ಸಂಜೆಯಾಯಿತೆಂದರೆ ಕಬಡ್ಡಿ, ಕೊಕ್ಕೊ, ಕ್ರಿಕೆಟ್ ಆಟಗಳ ಸಡಗರವಿರುತ್ತದೆ. ದುಡಿಮೆ, ಓಡಾಟ, ಆಟ ಈ ಮೂರೂ ಇರುವಲ್ಲಿ ಪೆಟ್ಟು ಬೀಳುವುದೂ ಇದ್ದದ್ದೇ. ಮರ ಹತ್ತಿದವನು ಜಾರಿ ಬೀಳಬಹುದು, ಮೋಟಾರು ಸೈಕಲ್ಲಿನ ಮೇಲೆ ಹೊರಟವನು ಉರುಳಬಹುದು, ಕಬಡ್ಡಿಯಲ್ಲಿ ಇಬ್ಬರು ಹುಡುಗರ ತಲೆಗಳು ಒಂದಕ್ಕೊಂದು ತಾಗಬಹುದು.

ಮೊಣಕಾಲು ತರಚಿ ರಕ್ತ ಬಂದರೆ ಹತ್ತು ಜನ ಓಡಿಬರುತ್ತಾರೆ. ಕೈ ಮುರಿದರೆ ಮನೆಮಂದಿಯೆಲ್ಲ ಕಳವಳಗೊಳ್ಳುತ್ತಾರೆ. ಆದರೆ ತಲೆಗೆ ಪೆಟ್ಟು ಬಿದ್ದು, ರಕ್ತವೂ ಬಾರದೆ, ಬಾವೂ ಕಾಣದೆ, ಪೆಟ್ಟು ತಿಂದವನು ಎದ್ದು ನಿಂತು ಮೈಯ ಧೂಳು ಕೊಡವಿಕೊಂಡರೆ, ‘ಏನೂ ಆಗಿಲ್ಲ’ ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ನಿಜವಾಗಿ ಏನೋ ಆಗಿರುವ ಸಂಭವವುಂಟು. ಹೊರಗೆ ಗುರುತನ್ನು ಉಳಿಸದೆ ಮಿದುಳಿನ ಕೆಲಸವನ್ನು ಕೆಲಕಾಲ ಕೆಡಿಸುವ ಇಂತಹ ಪೆಟ್ಟಿಗೆ ವೈದ್ಯರು ‘ಕನ್‌ಕಷನ್’ ಎಂದು ಹೆಸರಿಟ್ಟಿದ್ದಾರೆ. ಅಲುಗಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದವಿದು. ಕನ್ನಡದಲ್ಲಿ ಇದನ್ನು ಮಿದುಳಿನ ಅದುರುವಿಕೆ ಎನ್ನಬಹುದು.

ಈ ಅದುರುವಿಕೆಯ ಬಗೆಯನ್ನು ಅರಿಯಲು ಗುಬ್ಬಿ, ತಿಪಟೂರು ಸೀಮೆಯ ಮಕ್ಕಳಿಗೆ ಪರಿಚಿತವಾದ ಒಂದು ವಸ್ತು ನೆರವಾಗುತ್ತದೆ. ಉಂಡೆ ಕೊಬ್ಬರಿಗಾಗಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ತೆಂಗಿನಕಾಯಿಯನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ, ಒಳಗಿನ ಕೊಬ್ಬರಿ ಚಿಪ್ಪಿಗೆ ತಾಗಿ ಸದ್ದಾಗುತ್ತದೆ. ಚಿಪ್ಪಿಗೆ ಎಳ್ಳಷ್ಟೂ ಧಕ್ಕೆಯಾಗದಿದ್ದರೂ ಒಳಗಿನ ತಿರುಳು ಅತ್ತಿತ್ತ ಹೊರಳಿರುತ್ತದೆ. ಮಿದುಳು ಕೊಬ್ಬರಿಯಷ್ಟು ಸಡಿಲವಾಗಿಲ್ಲ, ಅಷ್ಟು ಗಟ್ಟಿಯಾಗಿಯೂ ಇಲ್ಲ. ಸುಮಾರು 1,300ರಿಂದ 1,400 ಗ್ರಾಂ ತೂಗುವ ಈ ಮೃದುವಾದ ಅಂಗವನ್ನು ಪೊರೆಗಳು ಸುತ್ತಿಕೊಂಡಿವೆ, ತಿಳಿಯಾದ ದ್ರವವೊಂದು ಅದನ್ನು ತೇಲಿಸಿ ಹಿಡಿದಿದೆ. ದಿನನಿತ್ಯದ ಸಣ್ಣಪುಟ್ಟ ಅಲುಗಾಟಗಳಿಗೆ ಈ ರಕ್ಷಣೆ ಸಾಕು. ಆದರೆ ವೇಗದಿಂದ ಚಲಿಸುತ್ತಿದ್ದ ತಲೆ ಒಮ್ಮೆಲೇ ನಿಂತಾಗ ಅಥವಾ ರಭಸದಿಂದ ತಿರುಗಿದಾಗ, ತಲೆಬುರುಡೆ ನಿಂತರೂ ಮಿದುಳು ಒಡನೆಯೇ ನಿಲ್ಲುವುದಿಲ್ಲ. ಅದು ಒಳಗೇ ತಿರುಚಿಕೊಂಡು ಜಗ್ಗುತ್ತದೆ. ಆಗ ಮಿದುಳಿನ ನವುರಾದ ನರತಂತುಗಳು ಎಳೆತಕ್ಕೆ ಒಳಗಾಗುತ್ತವೆ. ಇದಕ್ಕೆ ತಲೆಗೇ ನೇರವಾಗಿ ಪೆಟ್ಟು ಬೀಳಬೇಕೆಂಬ ನಿಯಮವೂ ಇಲ್ಲ. ಬೆನ್ನಿಗೋ ಎದೆಗೋ ಬಿದ್ದ ಬಲವಾದ ಹೊಡೆತದಿಂದ ತಲೆ ಕುಲುಕಿದರೂ ಇದೇ ಪರಿಣಾಮ ಉಂಟಾಗಬಹುದು.

ಎಳೆತಕ್ಕೆ ಸಿಕ್ಕ ನರಕೋಶಗಳಲ್ಲಿ ರಾಸಾಯನಿಕ ಏರುಪೇರು ಉಂಟಾಗುತ್ತದೆ. ಕೋಶದ ಒಳಗಿರಬೇಕಾದ ಪೊಟಾಸಿಯಂ ಹೊರಕ್ಕೆ ಸೋರುತ್ತದೆ, ಹೊರಗಿರಬೇಕಾದ ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಕೆಟ್ಟ ಸಮತೋಲವನ್ನು ಸರಿಪಡಿಸಲು ಕೋಶಗಳಿಗೆ ಹೆಚ್ಚಿನ ಶಕ್ತಿ ಬೇಕಾಗುತ್ತದೆ. ಶಕ್ತಿಯ ಮೂಲವಾದ ಗ್ಲೂಕೋಸನ್ನು ತಂದುಕೊಡಬೇಕಾದ ರಕ್ತದ ಹರಿವು ಅದೇ ಸಮಯದಲ್ಲಿ ತಗ್ಗುವುದುಂಟು. ಬೇಡಿಕೆ ಏರಿ ಪೂರೈಕೆ ಇಳಿದಾಗ ಬರಗಾಲದ ಸ್ಥಿತಿ ಒದಗುತ್ತದೆ. ಮಿದುಳಿನಲ್ಲಿ ಒದಗುವ ಇಂತಹ ಬರಗಾಲವೇ ತಲೆನೋವಿಗೂ ಮಂಕಿಗೂ ಬಹುಮಟ್ಟಿಗೆ ಕಾರಣವೆಂದು ವಿಜ್ಞಾನಿಗಳು ತಿಳಿಯುತ್ತಾರೆ. ಕೆಟ್ಟಿರುವುದು ಅಂಗದ ಆಕಾರವಲ್ಲ, ಅದರ ಕೆಲಸ. ಆದುದರಿಂದಲೇ ಸಿ.ಟಿ. ಸ್ಕ್ಯಾನ್ ಚಿತ್ರದಲ್ಲಿ ಕನ್‌ಕಷನ್ ಕಾಣುವುದಿಲ್ಲ. ಚಿತ್ರ ಶುದ್ಧವಾಗಿದೆ ಎಂದರೆ ಮಿದುಳಿನಲ್ಲಿ ರಕ್ತಸ್ರಾವವಾಗಿಲ್ಲ, ಬುರುಡೆ ಒಡೆದಿಲ್ಲ ಎಂದು ಅರ್ಥವೇ ಹೊರತು, ಮಿದುಳಿಗೆ ಪೆಟ್ಟಾಗಿಲ್ಲ ಎಂದಲ್ಲ.

ಕಣ್ಣಿಗೆ ಕಾಣದ ಈ ಗಾಯವನ್ನು ಅದರ ಲಕ್ಷಣಗಳಿಂದಲೇ ಗುರುತಿಸಬೇಕು. ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣು ಮಂಜಾಗುವುದು, ಬೆಳಕನ್ನೂ ಸದ್ದನ್ನೂ ಸಹಿಸಲಾಗದಿರುವುದು, ನಡೆಯುವಾಗ ಓಲಾಡುವುದು, ಕೇಳಿದ ಪ್ರಶ್ನೆಗೆ ತಡವಾಗಿ ಉತ್ತರಿಸುವುದು, ಪೆಟ್ಟಿನ ಮೊದಲಿನ ಅಥವಾ ಅನಂತರದ ಸಂಗತಿಗಳನ್ನು ಮರೆಯುವುದು, ಕಾರಣವಿಲ್ಲದೆ ಸಿಡುಕುವುದು ಅಥವಾ ಅಳುವುದು, ನಿದ್ರೆಯಲ್ಲಿ ವ್ಯತ್ಯಾಸವಾಗುವುದು ಇವು ಮುಖ್ಯವಾದವು. ಇವೆಲ್ಲವೂ ಒಬ್ಬನಲ್ಲಿಯೇ ಕಾಣಬೇಕೆಂದಿಲ್ಲ. ಕೆಲವು ಲಕ್ಷಣಗಳು ಪೆಟ್ಟು ಬಿದ್ದ ಕೂಡಲೆ ತೋರದೆ ಕೆಲವು ಗಂಟೆಗಳ ನಂತರ ತೋರುತ್ತವೆ. ಎಚ್ಚರ ತಪ್ಪಿದರೆ ಮಾತ್ರ ಮಿದುಳಿಗೆ ಪೆಟ್ಟಾಗಿದೆ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಇದು ತಪ್ಪು ನಂಬಿಕೆ. ಕನ್‌ಕಷನ್ ಆದವರಲ್ಲಿ ಬಹುಪಾಲು ಜನರು ಎಚ್ಚರ ತಪ್ಪುವುದೇ ಇಲ್ಲ.

ಇದೇ ಪೆಟ್ಟಿನಿಂದ ಕೆಲವೊಮ್ಮೆ ಬುರುಡೆಯೊಳಗೆ ರಕ್ತ ಸೋರಿ ಪ್ರಾಣಾಪಾಯವೂ ಒದಗಬಹುದು. ಅದರ ಸೂಚನೆಗಳನ್ನು ಪ್ರತಿಯೊಬ್ಬರೂ ಅರಿತಿರಬೇಕು. ತಲೆನೋವು ಗಳಿಗೆಗಳಿಗೆಗೂ ಏರುವುದು, ಮತ್ತೆ ಮತ್ತೆ ವಾಂತಿಯಾಗುವುದು, ಫಿಟ್ಸ್ ಬರುವುದು, ಕೈಕಾಲುಗಳಲ್ಲಿ ಬಲ ಕುಂದುವುದು ಅಥವಾ ಜೋಮು ಹಿಡಿಯುವುದು, ಮಾತು ತೊದಲುವುದು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು, ಕಿವಿ ಮೂಗುಗಳಿಂದ ನೀರಿನಂತಹ ದ್ರವ ಸೋರುವುದು, ಮಲಗಿದವನನ್ನು ಎಬ್ಬಿಸಲಾಗದಿರುವುದು, ಕತ್ತಿನಲ್ಲಿ ತೀವ್ರ ನೋವಿರುವುದು ಇವುಗಳಲ್ಲಿ ಒಂದು ಕಂಡರೂ 108ಕ್ಕೆ ದೂರವಾಣಿ ಮಾಡಿ ಕೂಡಲೇ ಆಸ್ಪತ್ರೆ ಸೇರಿಸಬೇಕು. ಕತ್ತಿಗೆ ಪೆಟ್ಟಾಗಿರುವ ಅನುಮಾನವಿದ್ದರೆ ಬಿದ್ದವನನ್ನು ಎತ್ತಿ ಕೂರಿಸುವುದು, ನೀರು ಕುಡಿಸುವುದು, ತಲೆ ಅಲುಗಿಸುವುದು ಸಲ್ಲದು. ಗುಬ್ಬಿಯವರಿಗೆ ತಾಲ್ಲೂಕು ಆಸ್ಪತ್ರೆ ಊರಿನಲ್ಲೇ ಇದೆ, ಜಿಲ್ಲಾ ಆಸ್ಪತ್ರೆ ತುಮಕೂರಿನಲ್ಲಿದೆ. ಇನ್ನೂ ಹೆಚ್ಚಿನ ಚಿಕಿತ್ಸೆ ಬೇಕಾದವರಿಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯಿದೆ. 1974ರಲ್ಲಿ, ನರಶಸ್ತ್ರಚಿಕಿತ್ಸಕರಾದ ಡಾಕ್ಟರ್ ಆರ್. ಮಾರ್ತಾಂಡ ವರ್ಮ ಅವರನ್ನು ಮೊದಲ ನಿರ್ದೇಶಕರನ್ನಾಗಿ ಪಡೆದು ರೂಪುಗೊಂಡ ಈ ಸಂಸ್ಥೆ, ತಲೆಗೆ ಪೆಟ್ಟಾದವರ ಆರೈಕೆಯಲ್ಲಿ ನಾಡಿನ ಆಸರೆಯಾಗಿದೆ.

ತಲೆಗೆ ಪೆಟ್ಟು ಬಿದ್ದಾಗ ಜನರು ಎರಡು ಬಗೆಯ ತಪ್ಪುಗಳನ್ನು ಮಾಡುತ್ತಾರೆ. ಪೆಟ್ಟನ್ನು ಲೆಕ್ಕಿಸದೆ ಆಟವನ್ನೋ ಕೆಲಸವನ್ನೋ ಮುಂದುವರಿಸುವುದು ಮೊದಲನೆಯದು. ಹೆದರಿಕೆಯಿಂದ ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಬಿಡುವುದು ಎರಡನೆಯದು. ಮೊದಲನೆಯ ತಪ್ಪು ಪ್ರಾಣಕ್ಕೆ ಎರವಾಗಬಹುದು, ಎರಡನೆಯದು ಗುಣವಾಗುವ ದಾರಿಯನ್ನು ಉದ್ದವಾಗಿಸಬಹುದು. ಇವೆರಡರ ನಡುವೆ ಅಳತೆಯಿಂದ ಸಾಗುವ ಒಂದು ಹಾದಿಯನ್ನು ಇಂದಿನ ವೈದ್ಯಶಾಸ್ತ್ರ ಕಂಡುಕೊಂಡಿದೆ.

ಮೊದಲನೆಯ ತಪ್ಪಿನ ಘೋರ ಪರಿಣಾಮಕ್ಕೆ ಕೆನಡಾ ದೇಶದ ಒಂದು ದುರಂತ ಸಾಕ್ಷಿಯಾಗಿದೆ. ಒಟ್ಟಾವಾ ನಗರದ ರೋವನ್ ಸ್ಟ್ರಿಂಗರ್ ಎಂಬ 17 ವರ್ಷದ ವಿದ್ಯಾರ್ಥಿನಿ ತನ್ನ ಶಾಲೆಯ ರಗ್ಬಿ ತಂಡದ ನಾಯಕಿಯಾಗಿದ್ದಳು. 2013ರ ಮೇ ತಿಂಗಳಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಆಕೆಯ ತಲೆಗೆ ಆಟದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪೆಟ್ಟು ಬಿದ್ದಿತು. ತನಗಾಗುತ್ತಿದ್ದ ತೊಂದರೆಯನ್ನು ಆಕೆ ಗೆಳೆಯರಿಗೆ ಸಂದೇಶಗಳಲ್ಲಿ ತಿಳಿಸಿದ್ದಳು, ಆದರೆ ಅದು ಹಿರಿಯರವರೆಗೆ ಮುಟ್ಟಲಿಲ್ಲ. ಮತ್ತೊಮ್ಮೆ ಅಂಗಳಕ್ಕಿಳಿದು ಮತ್ತೊಂದು ಪೆಟ್ಟು ತಿಂದ ಆಕೆ ಪುನಃ ಚೇತರಿಸಿಕೊಳ್ಳಲಿಲ್ಲ. ಮೊದಲ ಪೆಟ್ಟಿನಿಂದ ಸುಧಾರಿಸಿಕೊಳ್ಳುವ ಮೊದಲೇ ಎರಡನೆಯದು ಬಿದ್ದರೆ ಮಿದುಳು ಅತಿವೇಗವಾಗಿ ಊದಿಕೊಳ್ಳುವುದುಂಟು. ಇದು ಅಪರೂಪವಾದರೂ, ಆದಾಗ ಹೆಚ್ಚಾಗಿ ಬಲಿಯಾಗುವವರು ಎಳೆಯರೇ. ಈ ಸಾವಿನ ತರುವಾಯ 2018ರಲ್ಲಿ ಒಂಟಾರಿಯೊ ಪ್ರಾಂತವು ರೋವನಳ ಹೆಸರಿನಲ್ಲಿಯೇ ಒಂದು ಕಾನೂನನ್ನು ರಚಿಸಿತು. ಅನುಮಾನ ಬಂದ ಕೂಡಲೆ ಆಟಗಾರರನ್ನು ಅಂಗಳದಿಂದ ಹೊರಗೆ ಕರೆಯಬೇಕೆಂಬುದು ಅದರ ತಿರುಳು.

ಮೊದಲು ಹೊರಗೆ ಬರುವುದು, ಅನಂತರ ವಿಚಾರಿಸುವುದು ಎಂಬ ಈ ನೀತಿಯನ್ನು ಕ್ರಿಕೆಟ್ ಜಗತ್ತೂ ಒಪ್ಪಿಕೊಂಡಿದೆ. ಮಿದುಳಿಗೆ ಪೆಟ್ಟಾದ ಆಟಗಾರನ ಬದಲಿಗೆ ಪೂರ್ಣ ಪ್ರಮಾಣದಲ್ಲಿ ಆಡಬಲ್ಲ ಇನ್ನೊಬ್ಬನನ್ನು ಇಳಿಸಲು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 2019ರ ಆಗಸ್ಟ್ ತಿಂಗಳಿನಿಂದ ಅವಕಾಶವಿದೆ. 2021ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಮೊದಲ ಟೆಸ್ಟ್ ಪಂದ್ಯಕ್ಕೆ ಸಿದ್ಧವಾಗುತ್ತಿದ್ದ ಭಾರತ ತಂಡದಲ್ಲಿ ಕರ್ನಾಟಕದ ಮಯಂಕ್ ಅಗರವಾಲ್ ಇದ್ದರು. ಅಭ್ಯಾಸದ ವೇಳೆ ಮೊಹಮ್ಮದ್ ಸಿರಾಜ್ ಎಸೆದ ಚೆಂಡು ಅವರ ಹೆಲ್ಮೆಟ್ಟಿಗೆ ಬಡಿಯಿತು. ಪರೀಕ್ಷಿಸಿದಾಗ ಕನ್‌ಕಷನ್‌ನ ಲಕ್ಷಣಗಳು ಕಂಡುಬಂದುದರಿಂದ ವೈದ್ಯರು ಅವರನ್ನು ಆ ಪಂದ್ಯದಿಂದ ಹೊರಗಿಟ್ಟರು. ಕರ್ನಾಟಕದವರೇ ಆದ ಕೆ.ಎಲ್. ರಾಹುಲ್ ಇನಿಂಗ್ಸ್ ಆರಂಭಿಸಿ 84 ಓಟಗಳನ್ನು ಗಳಿಸಿದರು. ಹೊರಗುಳಿದುದರಿಂದ ಮಯಂಕ್ ಅವರ ಆಟವೇನೂ ಮುಗಿಯಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಮುಂಬಯಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ನಡೆದ ಟೆಸ್ಟ್ ಪಂದ್ಯದಲ್ಲಿ ಅವರು 150 ಮತ್ತು 62 ಓಟಗಳನ್ನು ಹೊಡೆದರು. ದೇಶದ ಪರವಾಗಿ ಆಡುವವನೇ ತಲೆಗೆ ಪೆಟ್ಟಾದಾಗ ಪಂದ್ಯವನ್ನು ಬಿಡುವನೆಂದ ಮೇಲೆ, ಶಾಲೆಯ ಪಂದ್ಯದಲ್ಲಿ ಆಡುವವರು ಹಿಂಜರಿಯಲು ಕಾರಣವಿಲ್ಲ.

ಇನ್ನು ಎರಡನೆಯ ತಪ್ಪಿನ ವಿಚಾರ. ಬಹಳ ಕಾಲದವರೆಗೆ ವೈದ್ಯರೇ ಸಂಪೂರ್ಣ ವಿಶ್ರಾಂತಿಯನ್ನು ವಿಧಿಸುತ್ತಿದ್ದರು. ತಲೆನೋವು ಪೂರ್ತಿ ಮಾಯವಾಗುವವರೆಗೂ ಓದು, ಆಟ, ಮಾತುಕತೆ ಯಾವುದೂ ಬೇಡವೆಂಬುದು ಅವರ ಸಲಹೆಯಾಗಿತ್ತು. ಮುರಿದ ಮೂಳೆಗೆ ಪಟ್ಟಿ ಕಟ್ಟಿ ಅಲುಗಿಸದೆ ಇಡುವಂತೆ ಪೆಟ್ಟಾದ ಮಿದುಳನ್ನೂ ಸುಮ್ಮನಿರಿಸಬೇಕೆಂಬ ತರ್ಕ ಅದರ ಹಿಂದೆ ಇತ್ತು. ತರ್ಕವು ಸಮಂಜಸವಾಗಿ ತೋರಿದರೂ ಅದನ್ನು ಪ್ರಯೋಗದ ಒರೆಗೆ ಹಚ್ಚಿ ನೋಡಿದಾಗ ಬೇರೆಯೇ ಫಲ ದೊರೆಯಿತು. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪೆಟ್ಟಾದ ಎಳೆಯರಲ್ಲಿ ಕೆಲವರಿಗೆ 5 ದಿನಗಳ ಕಟ್ಟುನಿಟ್ಟಾದ ವಿಶ್ರಾಂತಿಯನ್ನೂ, ಉಳಿದವರಿಗೆ 1ರಿಂದ 2 ದಿನಗಳ ವಿಶ್ರಾಂತಿ ಮತ್ತು ಅನಂತರ ಕ್ರಮಕ್ರಮವಾದ ಚಟುವಟಿಕೆಯನ್ನೂ ಸೂಚಿಸಲಾಯಿತು. ಹೆಚ್ಚು ದಿನ ಮಲಗಿದವರು ಬೇಗ ಗುಣವಾಗಲಿಲ್ಲ, ಬದಲಾಗಿ ಹೆಚ್ಚಿನ ತೊಂದರೆಗಳನ್ನು ಹೇಳಿಕೊಂಡರು.

ಅದೇ ದೇಶದ ಬಫಲೋ ನಗರದ ಸಂಶೋಧಕ ಜಾನ್ ಲೆಡ್ಡಿ ಮತ್ತು ಅವರ ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 13ರಿಂದ 18 ವರ್ಷದ, ಆಟದಲ್ಲಿ ಕನ್‌ಕಷನ್ ಆದ 103 ಮಂದಿಯನ್ನು ಅವರು ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪು ಪ್ರತಿದಿನ ಲಕ್ಷಣಗಳು ಉಲ್ಬಣಿಸದಷ್ಟು ಮಿತವಾಗಿ, ಉಸಿರಾಟವನ್ನೂ ನಾಡಿಬಡಿತವನ್ನೂ ಏರಿಸುವ ವ್ಯಾಯಾಮವನ್ನು ಮಾಡಿತು. ಇನ್ನೊಂದು ಗುಂಪು ಮೈಕೈ ಚಾಚುವ ಲಘು ಅಭ್ಯಾಸವನ್ನಷ್ಟೇ ಮಾಡಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲ ಗುಂಪಿನವರು ಚೇತರಿಸಿಕೊಳ್ಳಲು ಸಾಮಾನ್ಯವಾಗಿ 13 ದಿನಗಳು ಸಾಕಾದವು, ಎರಡನೆಯ ಗುಂಪಿನವರಿಗೆ 17 ದಿನಗಳು ಬೇಕಾದವು. 2022ರಲ್ಲಿ ಆಮ್‌ಸ್ಟರ್‌ಡಾಂನಲ್ಲಿ ನೆರೆದ ಅಂತರರಾಷ್ಟ್ರೀಯ ತಜ್ಞರ ಸಭೆ ಇಂತಹ ಅನೇಕ ಅಧ್ಯಯನಗಳನ್ನು ಪರಿಶೀಲಿಸಿ, ಮೊದಲ 24ರಿಂದ 48 ಗಂಟೆಗಳ ಕಾಲ ತಕ್ಕಮಟ್ಟಿನ ವಿಶ್ರಾಂತಿ, ಅನಂತರ ಅಳತೆಯರಿತ ಚಟುವಟಿಕೆ ಎಂಬ ಸೂತ್ರವನ್ನು ಎತ್ತಿಹಿಡಿಯಿತು.

ಚಲನೆ ಮಿದುಳಿಗೆ ಹೇಗೆ ಹಿತವಾಗುತ್ತದೆ ಎಂಬ ಪ್ರಶ್ನೆ ಸಹಜವಾದುದು. ಕನ್‌ಕಷನ್ ಆದಾಗ, ನಮ್ಮ ಪ್ರಯತ್ನವಿಲ್ಲದೆಯೇ ನಾಡಿಬಡಿತವನ್ನೂ ರಕ್ತದ ಹರಿವನ್ನೂ ಹದದಲ್ಲಿಡುವ ನರವ್ಯವಸ್ಥೆ ಲಯ ತಪ್ಪುತ್ತದೆ. ಮಿತವಾದ ವ್ಯಾಯಾಮ ಆ ಲಯವನ್ನು ಮತ್ತೆ ಕೂಡಿಸಲು ನೆರವಾಗುತ್ತದೆ. ಬಹುದಿನ ಮಲಗಿದವನ ದೇಹ ಸೋಲುತ್ತದೆ, ಹಗಲು ಮಲಗಿದವನಿಗೆ ಇರುಳು ನಿದ್ರೆ ಬಾರದು. ಶಾಲೆಯಿಂದಲೂ ಗೆಳೆಯರಿಂದಲೂ ದೂರವಾದ ಬಾಲಕನ ಮನಸ್ಸು ಕುಗ್ಗುತ್ತದೆ. ಹೀಗೆ ವಿಶ್ರಾಂತಿಯೇ ತಂದ ಬಳಲಿಕೆಯನ್ನು ಪೆಟ್ಟಿನ ಬಳಲಿಕೆಯೆಂದು ಭ್ರಮಿಸಿ ಮತ್ತಷ್ಟು ಮಲಗುವ ವಿಷವರ್ತುಲವೊಂದು ಏರ್ಪಡುತ್ತದೆ. ಅದನ್ನು ಮುರಿಯುವುದು ನಡಿಗೆ.

ಆ ನಡಿಗೆಗೆ ಅಳತೆ ಬೇಕು. ಗುಬ್ಬಿಯ ಶಾಲೆಯೊಂದರಲ್ಲಿ ಓದುವ 14 ವರ್ಷದ ಬಾಲಕಿಯೊಬ್ಬಳು ಕೊಕ್ಕೊ ಆಡುವಾಗ ಕಂಬಕ್ಕೆ ತಲೆ ತಾಗಿಸಿಕೊಂಡಳೆಂದು ಕಲ್ಪಿಸಿಕೊಳ್ಳಬಹುದು. ಆಕೆಯನ್ನು ಆಟದಿಂದ ಕರೆತಂದು, ಒಂಟಿಯಾಗಿ ಬಿಡದೆ, ವೈದ್ಯರಿಗೆ ತೋರಿಸಿದ್ದಾಯಿತು. ಅಪಾಯದ ಸೂಚನೆಗಳಿಲ್ಲವೆಂದು ಅವರು ಹೇಳಿದರು. ಮೊದಲ ಒಂದೆರಡು ದಿನ ಆಕೆ ಮನೆಯಲ್ಲಿ ವಿಶ್ರಮಿಸುತ್ತಾಳೆ. ತಲೆಗೆ ಪೆಟ್ಟು ಬಿದ್ದವರು ನಿದ್ರೆ ಮಾಡಲೇಬಾರದೆಂದು ರಾತ್ರಿಯಿಡೀ ಎಬ್ಬಿಸಿ ಕೂರಿಸುವ ಪದ್ಧತಿ ಕೆಲವು ಮನೆಗಳಲ್ಲಿದೆ. ವೈದ್ಯರು ಪರೀಕ್ಷಿಸಿ ಒಪ್ಪಿಗೆಯಿತ್ತ ಮೇಲೆ ನಿದ್ರೆಗೆ ಅಡ್ಡಿಯಿಲ್ಲ, ನಿದ್ರೆಯೇ ಮಿದುಳಿಗೆ ಒಳ್ಳೆಯ ಔಷಧ. ಆದರೆ ದೂರದರ್ಶನವನ್ನೂ ಮೊಬೈಲ್ ದೂರವಾಣಿಯ ಪರದೆಯನ್ನೂ ಈ ಎರಡು ದಿನ ದೂರವಿಡುವುದು ಲೇಸು. 12ರಿಂದ 25 ವರ್ಷದ 125 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ 48 ಗಂಟೆ ಪರದೆಯಿಂದ ದೂರವಿದ್ದವರು ಸುಮಾರು ಮೂರೂವರೆ ದಿನಗಳಲ್ಲಿ ಚೇತರಿಸಿಕೊಂಡರೆ, ಪರದೆ ನೋಡುತ್ತಿದ್ದವರಿಗೆ 8 ದಿನಗಳು ಹಿಡಿದವು.

ಅನಂತರ ಆಕೆ ಮನೆಯ ಸಣ್ಣ ಕೆಲಸಗಳಿಂದಲೂ ಸಮತಟ್ಟಾದ ದಾರಿಯಲ್ಲಿ ನಡಿಗೆಯಿಂದಲೂ ಆರಂಭಿಸುತ್ತಾಳೆ. ಹೊರಡುವ ಮೊದಲು ತನ್ನ ತಲೆನೋವಿಗೆ ಸೊನ್ನೆಯಿಂದ 10ರವರೆಗಿನ ಅಂಕಗಳಲ್ಲಿ ಒಂದನ್ನು ತಾನೇ ಕೊಟ್ಟುಕೊಳ್ಳಬೇಕು. ನಡೆಯುವಾಗ ನೋವು 2 ಅಂಕಗಳಿಗಿಂತ ಹೆಚ್ಚು ಏರದಿದ್ದರೆ, ಏರಿದ ನೋವು ಒಂದು ಗಂಟೆಯೊಳಗೆ ಇಳಿದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಅಂದಿಗೆ ನಿಲ್ಲಿಸಿ ಮರುದಿನ ಪುನಃ ತೊಡಗಬೇಕು. ಸ್ವಲ್ಪ ನೋವಾದರೂ ಮಿದುಳಿಗೆ ಹೊಸ ಗಾಯವಾಯಿತೆಂದು ಹೆದರಬೇಕಾಗಿಲ್ಲ.

ನಾಡಿಯೂ ಒಂದು ಅಳತೆಗೋಲು. 220ರಿಂದ ವಯಸ್ಸನ್ನು ಕಳೆದರೆ ನಾಡಿಬಡಿತದ ಗರಿಷ್ಠ ಮಿತಿ ಸ್ಥೂಲವಾಗಿ ದೊರೆಯುತ್ತದೆ. 14 ವರ್ಷದವರಿಗೆ ಅದು ನಿಮಿಷಕ್ಕೆ 206. ಲಘು ವ್ಯಾಯಾಮದಲ್ಲಿ ಇದರ ಶೇಕಡ 55ರವರೆಗೆ, ಅಂದರೆ ಸುಮಾರು 113ರವರೆಗೆ ನಾಡಿ ಏರಬಹುದು. ಅದು ಹೊಂದಿಕೆಯಾದ ಮೇಲೆ ಶೇಕಡ 70ರವರೆಗೆ, ಅಂದರೆ ಸುಮಾರು 144ರವರೆಗೆ ಏರಿಸಬಹುದು. ಮಣಿಕಟ್ಟಿನ ಮೇಲೆ ಬೆರಳಿಟ್ಟು 15 ಸೆಕೆಂಡುಗಳಲ್ಲಿ ಎಣಿಸಿದ ಬಡಿತಗಳನ್ನು 4ರಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. ಇದಕ್ಕೆ ದುಬಾರಿ ಯಂತ್ರಗಳ ಅಗತ್ಯವಿಲ್ಲ. ಒಂದು ಗಡಿಯಾರ, ಒಂದು ನೆರಳಿನ ದಾರಿ ಮತ್ತು ಜೊತೆಗೆ ನಡೆಯುವ ಒಬ್ಬ ಹಿರಿಯರಿದ್ದರೆ ಸಾಕು.

ಹೆಚ್ಚಿನವರು ಹೀಗೆ ಕೆಲವು ವಾರಗಳಲ್ಲಿ, ಮಕ್ಕಳಾದರೆ ಸಾಮಾನ್ಯವಾಗಿ 4 ವಾರಗಳೊಳಗೆ ಗುಣಹೊಂದುತ್ತಾರೆ. ಕೆಲವರಲ್ಲಿ ಮಾತ್ರ ತಲೆಸುತ್ತು, ಕತ್ತುನೋವು, ಓದುವಾಗ ಅಕ್ಷರಗಳು ಕದಲಿದಂತೆ ತೋರುವುದು ಮುಂತಾದುವು ಉಳಿದುಬಿಡುತ್ತವೆ. ಇಂತಹವರಿಗೆ ಭೌತಚಿಕಿತ್ಸೆ, ಅಂದರೆ ಫಿಜಿಯೋಥೆರಪಿ, ಬಹು ಉಪಕಾರಿ. ಮಿದುಳನ್ನು ಅಲುಗಿಸಿದ ಪೆಟ್ಟು ಕತ್ತಿನ ಸ್ನಾಯುಗಳನ್ನೂ ಕೀಲುಗಳನ್ನೂ ಉಳುಕಿಸಿರುವುದುಂಟು. ತಲೆನೋವಿನ ಮೂಲ ಕೆಲವೊಮ್ಮೆ ಕತ್ತಿನಲ್ಲಿಯೇ ಇರುತ್ತದೆ. ಚಿಕಿತ್ಸಕರು ಬಿಗಿದ ಕತ್ತನ್ನು ಹದವಾಗಿ ಸಡಿಲಿಸಿ, ಅನಂತರ ಅದಕ್ಕೆ ಬಲ ತುಂಬುವ ಅಭ್ಯಾಸಗಳನ್ನು ಕಲಿಸುತ್ತಾರೆ.

ದೇಹದ ಸಮತೋಲವನ್ನು ಕಾಯುವ ಅಂಗ ಒಳಕಿವಿಯಲ್ಲಿದೆ. ಗುಬ್ಬಿಯಿಂದ ತುಮಕೂರಿಗೆ ಹೋಗುವ ಬಸ್ಸು ಎಷ್ಟೇ ಕುಲುಕಿದರೂ ಪ್ರಯಾಣಿಕರು ರಸ್ತೆಬದಿಯ ನಾಮಫಲಕವನ್ನು ಓದಬಲ್ಲರು. ತಲೆ ಒಂದು ಕಡೆಗೆ ಕದಲಿದೊಡನೆ ಒಳಕಿವಿ ಅದನ್ನು ತಿಳಿದು, ಕಣ್ಣುಗಳನ್ನು ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ತಿರುಗಿಸುವುದೇ ಇದಕ್ಕೆ ಕಾರಣ. ಪೆಟ್ಟಿನಿಂದ ಒಳಕಿವಿ ಮತ್ತು ಕಣ್ಣುಗಳ ಈ ಹೊಂದಾಣಿಕೆ ಕೆಟ್ಟರೆ, ತಲೆ ತಿರುಗಿಸಿದಾಗಲೆಲ್ಲ ಜಗತ್ತೇ ತಿರುಗಿದಂತಾಗುತ್ತದೆ. ಕಪ್ಪುಹಲಗೆಯಿಂದ ಪುಸ್ತಕಕ್ಕೆ ನೋಟ ಬದಲಿಸುವುದೂ ಕಷ್ಟವಾಗುತ್ತದೆ. ಗೋಡೆಯ ಮೇಲಿನ ಒಂದು ಅಕ್ಷರದ ಮೇಲೆ ದೃಷ್ಟಿಯನ್ನು ನೆಟ್ಟು ತಲೆಯನ್ನು ಮೆಲ್ಲಗೆ ಎಡಬಲಕ್ಕೆ ಆಡಿಸುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಗೆರೆಯ ಮೇಲೆ ನಡೆಯುವುದು ಮುಂತಾದ ಅಭ್ಯಾಸಗಳಿಂದ ಮಿದುಳು ಆ ಹೊಂದಾಣಿಕೆಯನ್ನು ಮತ್ತೆ ಕಲಿಯುತ್ತದೆ. ಒಳಕಿವಿಯಲ್ಲಿರುವ ಸೂಕ್ಷ್ಮವಾದ ಹರಳುಗಳು ಪೆಟ್ಟಿನಿಂದ ಜಾಗ ತಪ್ಪಿ ತಲೆಸುತ್ತು ಬರುವುದೂ ಉಂಟು. ಅಮೆರಿಕದ ವೈದ್ಯ ಜಾನ್ ಎಪ್ಲಿ ರೂಪಿಸಿದ ಕ್ರಮದಂತೆ, ರೋಗಿಯ ತಲೆಯನ್ನು ಗೊತ್ತಾದ ಭಂಗಿಗಳಲ್ಲಿ ಒಂದಾದ ಮೇಲೊಂದರಂತೆ ತಿರುಗಿಸಿ ಆ ಹರಳುಗಳನ್ನು ಸ್ವಸ್ಥಾನಕ್ಕೆ ಸೇರಿಸಬಹುದು.

ಈ ಚಿಕಿತ್ಸೆಯ ಫಲವನ್ನು ಕೆನಡಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಲಕ್ಷಣಗಳು ಬಹುಕಾಲ ಉಳಿದಿದ್ದವರಲ್ಲಿ, ಕತ್ತಿಗೂ ಸಮತೋಲಕ್ಕೂ ಭೌತಚಿಕಿತ್ಸೆ ಪಡೆದ 15 ಮಂದಿಯ ಪೈಕಿ 11 ಮಂದಿಗೆ 8 ವಾರಗಳೊಳಗೆ ಆಟಕ್ಕೆ ಮರಳಲು ವೈದ್ಯರ ಅನುಮತಿ ದೊರೆಯಿತು. ಆ ಚಿಕಿತ್ಸೆ ಪಡೆಯದ 14 ಮಂದಿಯಲ್ಲಿ ಅನುಮತಿ ದೊರೆತದ್ದು ಒಬ್ಬರಿಗೆ ಮಾತ್ರ. ಪ್ರಯೋಗ ಚಿಕ್ಕದಾದರೂ ಅದು ತೋರಿದ ದಿಕ್ಕು ಸ್ಪಷ್ಟವಾದುದು. ಆದರೆ ಈ ಅಭ್ಯಾಸಗಳನ್ನು ಯಾರದೋ ಮಾತು ಕೇಳಿ ಮಾಡತಕ್ಕದ್ದಲ್ಲ. ಕತ್ತನ್ನು ಲಟಲಟನೆ ಮುರಿಯುವ, ತಲೆಯನ್ನು ಬಲವಾಗಿ ತಿಕ್ಕುವ ಉಪಚಾರಗಳಿಂದ ಹಾನಿಯಾಗಬಹುದು. ತರಬೇತಿ ಪಡೆದವರು ಪರೀಕ್ಷಿಸಿ ಹೇಳಿಕೊಟ್ಟುದನ್ನು ಹೇಳಿಕೊಟ್ಟಷ್ಟೇ ಮಾಡಬೇಕು.

ಆಟಕ್ಕೆ ಮರಳುವ ಮೊದಲು ಪಾಠಕ್ಕೆ ಮರಳಬೇಕು. ಕಲ್ಪನೆಯ ಆ ಬಾಲಕಿ ಮೊದಲಿಗೆ ಮನೆಯಲ್ಲಿ ಸ್ವಲ್ಪ ಹೊತ್ತು ಓದುತ್ತಾಳೆ, ಅನಂತರ ಅರ್ಧ ದಿನ ಶಾಲೆಗೆ ಹೋಗುತ್ತಾಳೆ, ಕೊನೆಗೆ ಇಡೀ ದಿನ ಕೂರುತ್ತಾಳೆ. ನಡುನಡುವೆ ವಿರಾಮ ಕೊಡುವುದು, ಬರೆಯುವ ಕೆಲಸವನ್ನು ಕೆಲವು ದಿನ ಕಡಿಮೆ ಮಾಡುವುದು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ನೀಡುವುದು ಉಪಾಧ್ಯಾಯರಿಂದ ಆಗಬಹುದಾದ ನೆರವು. ಕೈಗೆ ಪಟ್ಟಿ ಕಟ್ಟಿಕೊಂಡವರಿಗೆ ಬರೆಯಲು ಯಾರೂ ಹೇಳುವುದಿಲ್ಲ. ಮಿದುಳಿಗೆ ಪಟ್ಟಿ ಕಟ್ಟಲು ಬಾರದಾದ್ದರಿಂದ ಅದರ ನೋವನ್ನು ಸೋಮಾರಿತನವೆಂದು ಬಗೆಯುವ ಅಪಾಯವಿದೆ.

ಆಟಕ್ಕೆ ಮರಳುವ ಹಾದಿಯಲ್ಲಿ 6 ಮೆಟ್ಟಿಲುಗಳಿವೆ. ದಿನನಿತ್ಯದ ಚಟುವಟಿಕೆ ಮೊದಲನೆಯದು. ನಡಿಗೆ, ಸೈಕಲ್ ಯಂತ್ರ ತುಳಿಯುವುದು ಮುಂತಾದ ವ್ಯಾಯಾಮ ಎರಡನೆಯದು. ತಲೆಗೆ ಪೆಟ್ಟು ಬೀಳುವ ಸಂಭವವಿಲ್ಲದಂತೆ ಒಂಟಿಯಾಗಿ ಓಡುವುದು, ಹೆಜ್ಜೆ ಬದಲಿಸುವುದು ಮೂರನೆಯದು. ಮೈಗೆ ಮೈ ತಾಗದ ತಂಡದ ಅಭ್ಯಾಸ ನಾಲ್ಕನೆಯದು. ಪೂರ್ಣ ಅಭ್ಯಾಸ ಐದನೆಯದು, ಪಂದ್ಯ ಆರನೆಯದು. ಒಂದೊಂದು ಮೆಟ್ಟಿಲಿನ ಮೇಲೂ ಕನಿಷ್ಠ 24 ಗಂಟೆ ನಿಲ್ಲಬೇಕು. ಎಲ್ಲ ಲಕ್ಷಣಗಳೂ ಅಳಿದ ಹೊರತು ನಾಲ್ಕನೆಯದನ್ನು ಏರಕೂಡದು, ವೈದ್ಯರ ಒಪ್ಪಿಗೆಯಿಲ್ಲದೆ ಐದನೆಯದನ್ನು ಏರಕೂಡದು. ಈ ನಿಯಮ ಆಟಗಾರರಿಗಷ್ಟೇ ಮೀಸಲಲ್ಲ. ತೆಂಗಿನ ಮರದಿಂದ ಬಿದ್ದವನು ತಲೆಸುತ್ತು ಪೂರ್ತಿ ನಿಲ್ಲುವ ಮೊದಲು ಮತ್ತೆ ಮರ ಹತ್ತಿದರೆ, ಮೋಟಾರು ಸೈಕಲ್ಲಿನಿಂದ ಬಿದ್ದವನು ನೋಟ ತಿಳಿಯಾಗುವ ಮೊದಲು ಮತ್ತೆ ಅದನ್ನೇರಿದರೆ, ಅವನೂ ಎರಡನೆಯ ಪೆಟ್ಟನ್ನು ಕೈಬೀಸಿ ಕರೆದಂತೆಯೇ. ದಿನಗೂಲಿಯ ಮೇಲೆ ಬದುಕುವವನಿಗೆ ಕೆಲವು ದಿನ ಕೆಲಸ ಬಿಡುವುದು ಸುಲಭದ ಮಾತಲ್ಲ. ಅಂತಹ ವೇಳೆಯಲ್ಲಿ ಅವನಿಗೆ ನೆಲದ ಮೇಲಿನ ಹಗುರವಾದ ಕೆಲಸ ಕೊಡುವುದು ತೋಟದ ಯಜಮಾನನ ಧರ್ಮ.

ಪೆಟ್ಟನ್ನು ತಡೆಯುವುದು ಎಲ್ಲಕ್ಕಿಂತ ಮಿಗಿಲು. ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಎಂಬ ಗಾದೆಯಿದೆ. ಇಂದಿನ ಮುಂಡಾಸು ಹೆಲ್ಮೆಟ್. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರನಿಗೂ ಅದು ಕಡ್ಡಾಯವಾಗಿದೆ. ಬುರುಡೆ ಒಡೆಯುವುದನ್ನೂ ಪ್ರಾಣಾಪಾಯವನ್ನೂ ಹೆಲ್ಮೆಟ್ ಬಹುಮಟ್ಟಿಗೆ ತಡೆಯುತ್ತದೆ. ಆದರೆ ಒಳಗಿನ ಮಿದುಳು ಅದುರುವುದನ್ನು ಅದು ಪೂರ್ತಿಯಾಗಿ ತಡೆಯಲಾರದು. ಮಯಂಕ್ ಅವರಿಗೆ ಪೆಟ್ಟಾದಾಗಲೂ ತಲೆಯ ಮೇಲೆ ಹೆಲ್ಮೆಟ್ ಇತ್ತೆಂಬುದನ್ನು ನೆನೆಯಬೇಕು. ತಲೆ ಗಟ್ಟಿಯಿದೆಯೆಂದು ಕಲ್ಲಿಗೆ ಹಾಯಬಾರದು ಎಂಬ ಹಿರಿಯರ ಮಾತು ಹೆಲ್ಮೆಟ್ ಧರಿಸಿದವನಿಗೂ ಅನ್ವಯಿಸುತ್ತದೆ.

ಕಾಣದ ಗಾಯಕ್ಕೆ ಮೊದಲ ಔಷಧ ಬಾಯಿಬಿಟ್ಟು ಹೇಳುವುದು. ಪಂದ್ಯ ತಪ್ಪೀತೆಂದೋ, ಮನೆಯಲ್ಲಿ ಬೈದಾರೆಂದೋ, ಅಂಜುಬುರುಕನೆಂದು ಗೆಳೆಯರು ನಕ್ಕಾರೆಂದೋ ಅನೇಕ ಮಕ್ಕಳು ತಲೆನೋವನ್ನು ನುಂಗಿಕೊಳ್ಳುತ್ತಾರೆ. ಗುಬ್ಬಿ ನಟರನ್ನು ಬೆಳೆಸಿದ ಊರಾದರೂ ಈ ಒಂದು ವಿಷಯದಲ್ಲಿ ಅಲ್ಲಿಯ ಮಕ್ಕಳಿಗೂ ನಟನೆ ಸಲ್ಲದು. ಪೆಟ್ಟಾದವನ ಮಿದುಳೇ ಮಂಕಾಗಿರುವಾಗ ತನ್ನ ಸ್ಥಿತಿಯನ್ನು ಅವನೇ ಸರಿಯಾಗಿ ಅರಿಯಲಾರ. ಆದುದರಿಂದ ಪಕ್ಕದಲ್ಲಿರುವ ಗೆಳೆಯನ ಹೊಣೆ ದೊಡ್ಡದು. ‘ಇವನು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾನೆ, ಇವನ ಹೆಜ್ಜೆ ತಪ್ಪುತ್ತಿದೆ’ ಎಂದು ಉಪಾಧ್ಯಾಯರ ಬಳಿಗೆ ಓಡಿಹೋಗಿ ತಿಳಿಸುವುದು ಚಾಡಿಯಲ್ಲ. ರೋವನಳ ಗೆಳೆಯರಿಗೆ ಆ ಅರಿವು ಇದ್ದಿದ್ದರೆ ಒಂದು ಜೀವ ಉಳಿಯುತ್ತಿತ್ತೇನೋ. ಸಕಾಲದಲ್ಲಿ ನುಡಿದ ಒಂದು ಮಾತು, ಎರಡು ದಿನಗಳ ವಿಶ್ರಾಂತಿ, ಅನಂತರ ದಿನಕ್ಕಿಷ್ಟು ಎಂದು ಅಳೆದು ಇಟ್ಟ ಹೆಜ್ಜೆಗಳು ಇವಿಷ್ಟಿದ್ದರೆ ಬಹುಮಂದಿ ಮೊದಲಿನಂತೆಯೇ ಓದಿ, ಆಡಿ, ದುಡಿಯಬಲ್ಲರು.